ತಲಬು ಎದ್ದ ಗಳಿಗೆ

ತೊಗರಿ ರಾಶಿಯ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಯಾವ ಹೊಲಕ್ಕೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. 'ಸಾವಕಾರ್ರ, ಒಂದ್ ಬೀಡಿ ಸೇದಿ ಬರ್ತೀನ್ರೀ.' ಈ ಮಾತಿಗೆ ಯಾರೂ ಬೇಡ ಅನ್ನುವುದಿಲ್ಲ. ರಾಶಿ ಮಷೀನಿನ ದೂಳಿನಲ್ಲಿ ಬೆಳಗಿನಿಂದ ನಿಂತ ಆಳು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೊಡವಿ, ಬದುವಿನ ಬೇವಿನ ಗಿಡದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂಡುತ್ತಾನೆ. ಕಟ್ಟಿನಿಂದ ಒಂದು ಬೀಡಿ ಎಳೆದು, ಬೆರಳ ನಡುವೆ ಹೊರಳಿಸಿ, ಕಡ್ಡಿ ಗೀರಿ, ಗಾಳಿಗೆ ಆರದಂತೆ ಎರಡೂ ಅಂಗೈ ಮರೆಮಾಡಿ ಹಚ್ಚುತ್ತಾನೆ. ಮೊದಲ ದಮ್ಮು ಎದೆಯ ಆಳಕ್ಕೆ ಇಳಿಯುತ್ತದೆ. ಕಣ್ಣು ಅರ್ಧ ಮುಚ್ಚುತ್ತವೆ. ಹೊಗೆ ನಿಧಾನವಾಗಿ ಹೊರಗೆ ಬರುತ್ತದೆ. ಆ ಐದು ನಿಮಿಷ ಅವನನ್ನು ಯಾರೂ ಕೂಗುವುದಿಲ್ಲ.

ಅದೇ ಆಳು, 'ಸಾವಕಾರ್ರ, ಐದು ನಿಮಿಷ ಕಣ್ಣು ಮುಚ್ಚಿ ಸುಮ್ಮ ಕೂಡ್ತೀನ್ರೀ' ಎಂದು ಕೇಳಿದರೆ? ಮೈಯಾಗ ಆರಾಮಿಲ್ಲೇನು ಎಂದು ಒಬ್ಬರು ಕೇಳಿಯಾರು, ಮೈಗಳ್ಳ ಎಂದು ಇನ್ನೊಬ್ಬರು ನಕ್ಕಾರು. ದಣಿದ ಮೈಗೆ ಬಿಡುವು ಬೇಕೆಂದು ಒಪ್ಪದ ನಾವು ಬೀಡಿಗೆ ಬಿಡುವು ಬೇಕೆಂದು ಒಪ್ಪಿಕೊಂಡಿದ್ದೇವೆ. ಪಕ್ಕದಲ್ಲಿ ಅದೇ ಬಿಸಿಲಿಗೆ ದುಡಿಯುವ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಅವರಲ್ಲಿ ಎಷ್ಟೋ ಜನ ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕಿ ದವಡೆಗೆ ಇಟ್ಟುಕೊಂಡು, ಕೈಕೆಲಸ ನಿಲ್ಲಿಸದೆ ಮುಂದೆ ಸಾಗುತ್ತಾರೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕನ್ನು ಬಾಯಲ್ಲಿಡುವವರು ಶೇ 16.3. ಎರಡೂ ಚಟ ಇರುವವರು ಎರಡೂ ಕಡೆ ಎಣಿಕೆಗೆ ಬಂದಿದ್ದಾರೆ.

ಬೀಡಿ, ಸಿಗರೇಟು ಬಿಡಬೇಕೆಂದು ಹೊರಟವರ ಮಿದುಳಿನಲ್ಲಿ ಧ್ಯಾನ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಸುಮಾರು ಎರಡು ದಶಕಗಳಿಂದ ಗಂಭೀರವಾಗಿ ಕೈಗೆತ್ತಿಕೊಂಡಿದ್ದಾರೆ. ಆ ಪ್ರಯೋಗಗಳನ್ನು ಓದುತ್ತ ಹೋದಂತೆ ನನಗೆ ಅದು ಬರೀ ಮಿದುಳಿನ ಪ್ರಶ್ನೆಯಾಗಿ ಉಳಿಯಲಿಲ್ಲ. ತಲಬು ಎದ್ದಾಗ ಮೈಯಲ್ಲಿ ನಿಜವಾಗಿ ಏಳುವುದು ಏನು? ಅದು ಯಾರ ಬೇಡಿಕೆ? 'ನನಗೆ ಬೇಕು' ಎನ್ನುವಾಗ ಆ 'ನಾನು' ಬೇಡಿಕೆಗಿಂತ ಮೊದಲೇ ಅಲ್ಲಿದ್ದವನೋ, ಬೇಡಿಕೆಯ ಜೊತೆಗೇ ಹುಟ್ಟಿಕೊಂಡವನೋ? ನಮ್ಮ ಸೀಮೆಯ ಶಿವಯೋಗಿಗಳೂ ಸೂಫಿಗಳೂ ತತ್ವಪದಕಾರರೂ ಕೆದಕಿದ ಪ್ರಶ್ನೆಯೇ ಇದು. ಈಗ ಅದು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದೆ.

ಮೊದಲು ರಸಾಯನದ ಮಾತು ಮುಗಿಸೋಣ. ಹೊಗೆಯೊಂದಿಗೆ ಎದೆಗಿಳಿದ ನಿಕೋಟಿನ್ ಮಿದುಳು ಮುಟ್ಟಲು 10ರಿಂದ 20 ಸೆಕೆಂಡು ಸಾಕು. ಅಸಿಟೈಲ್‌ಕೋಲಿನ್ ಎಂಬ ಮಿದುಳಿನದೇ ರಾಸಾಯನಿಕಕ್ಕಾಗಿ ಇರುವ ಗ್ರಾಹಕಗಳ ಮೇಲೆ ಅದು ಹೋಗಿ ಕೂಡುತ್ತದೆ. ಒಳಗೆ ಡೋಪಮೈನ್ ಬಿಡುಗಡೆಯಾಗುತ್ತದೆ. ಇದನ್ನು ನೆನಪಿಡು, ಮತ್ತೆ ಮಾಡು ಎಂಬ ಪಾಠ ಮಿದುಳಿಗೆ ಆಗುತ್ತದೆ. ದಿನವೂ ಸೇದುವವರಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ತಾಸಿಗೆ ಅರ್ಧಕ್ಕೆ ಇಳಿಯುತ್ತದೆ. ಬರಿದಾದ ಗ್ರಾಹಕಗಳು ಕೇಳತೊಡಗುತ್ತವೆ. ಸಿಡುಕು, ಚಡಪಡಿಕೆ, ಯಾವುದರಲ್ಲೂ ನಿಲ್ಲದ ಮನಸ್ಸು. ಆಗ ಹಚ್ಚಿದ ಬೀಡಿ ಸಮಾಧಾನ ಕೊಟ್ಟಂತೆ ಕಾಣುತ್ತದೆ. ಆ ಸಮಾಧಾನದ ದೊಡ್ಡ ಪಾಲು ಹಿಂದಿನ ಬೀಡಿ ಹುಟ್ಟಿಸಿ ಹೋದ ಸಂಕಟದ ಶಮನ ಮಾತ್ರ. ಬೀಡಿಯದು ಇನ್ನೂ ಒಂದು ಕೈ ಮೇಲು. ಅದರ ಎಲೆಯೊಳಗೆ ಗಾಳಿಯಾಡುವುದಿಲ್ಲ, ಆರದಂತೆ ಮೇಲಿಂದ ಮೇಲೆ ಎಳೆಯಬೇಕು. ಹಾಗಾಗಿ ಸಿಗರೇಟಿಗಿಂತ ಕಡಿಮೆ ತಂಬಾಕು ತುಂಬಿದ್ದರೂ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿಯೇ ಒಳಗೆ ಹೋಗುತ್ತವೆ.

ಬಿಟ್ಟ ಮೇಲೆ ಮೊದಲ ವಾರ ಬಹಳ ಕಷ್ಟ. ಹೆಚ್ಚಿದ್ದ ಗ್ರಾಹಕಗಳು ಸೇದದವರ ಮಟ್ಟಕ್ಕೆ ಇಳಿಯಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ರಸಾಯನದ ಲೆಕ್ಕ ಅಲ್ಲಿಗೆ ತೀರಬೇಕಿತ್ತು, ತೀರುವುದಿಲ್ಲ. ವರ್ಷದ ಹಿಂದೆ ಬಿಟ್ಟವನೂ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಿಂತಾಗ ಕೈ ತಾನಾಗಿ ಅಂಗಿಯ ಕಿಸೆಗೆ ಹೋಗುತ್ತದೆ. ಮೈಯಲ್ಲಿ ನಿಕೋಟಿನ್ ಇಲ್ಲ, ಗ್ರಾಹಕಗಳು ಸುಮ್ಮನಾಗಿವೆ. ಹಾಗಾದರೆ ಕೇಳುತ್ತಿರುವುದು ಯಾರು?

ಆಳಂದದಂಥ ಊರಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ರಂಜಾನ್ ತಿಂಗಳಲ್ಲಿ ರೋಜಾ ಹಿಡಿದವರು, ದಿನಕ್ಕೆ ಒಂದು ಕಟ್ಟು ಬೀಡಿ ಸೇದುವವರೂ ಸಹ, ಬೆಳಗಿನ ಸಹರಿಯಿಂದ ಸಂಜೆಯವರೆಗೆ ಮುಟ್ಟುವುದಿಲ್ಲ. ಮಧ್ಯಾಹ್ನ ಕೇಳಿದರೆ ಬೀಡಿಯ ನೆನಪೇ ಇಲ್ಲವೆನ್ನುತ್ತಾರೆ. ಹೊತ್ತು ಇಳಿದು ಇಫ್ತಾರ್ ಹತ್ತಿರವಾದಂತೆ ಚಡಪಡಿಕೆ ಶುರು. ಶ್ರಾವಣ ಹಿಡಿದವರಲ್ಲಿ, ಅಯ್ಯಪ್ಪನ ಮಾಲೆ ಹಾಕಿದವರಲ್ಲಿ ಕೂಡ ಇದೇ ಕಥೆ. ಮಾಲೆ ಇರುವಷ್ಟು ದಿನ ತಲಬು ಮಲಗಿರುತ್ತದೆ, ಮಾಲೆ ತೆಗೆಯುವ ಹೊತ್ತಿಗೆ ಎದ್ದು ಬಾಗಿಲಲ್ಲಿ ನಿಂತಿರುತ್ತದೆ.

ಟೆಲ್ ಅವೀವ್ ವಿಶ್ವವಿದ್ಯಾಲಯದ ರೂವೆನ್ ದಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಬೇರೆ ಕಡೆ ಅಳೆದು ತೋರಿಸಿತು. ವಿಮಾನದಲ್ಲಿ ಕೆಲಸ ಮಾಡುವ, ಸೇದುವ ಚಟವಿದ್ದ ಸಿಬ್ಬಂದಿಯನ್ನು ಅವರು ಸಣ್ಣ ಪ್ರಯಾಣದಲ್ಲೂ ದೀರ್ಘ ಪ್ರಯಾಣದಲ್ಲೂ ಆಗಾಗ ಕೇಳಿದರು: ಈಗ ಎಷ್ಟು ತಲಬು ಇದೆ? ಕೊನೆಯ ಸಿಗರೇಟಿನಿಂದ ಎಷ್ಟು ತಾಸಾಯಿತು ಎಂಬುದಕ್ಕಿಂತ ನೆಲ ಮುಟ್ಟಲು ಎಷ್ಟು ಹೊತ್ತು ಉಳಿದಿದೆ ಎಂಬುದರ ಮೇಲೆಯೇ ತಲಬು ನಿಂತಿತ್ತು. ಸಣ್ಣ ಪ್ರಯಾಣ ಮುಗಿಯುವ ಹೊತ್ತಿಗೆ ಏರಿದ ತಲಬು, ಅಷ್ಟೇ ತಾಸು ಕಳೆದ ದೀರ್ಘ ಪ್ರಯಾಣದ ನಡುವೆ ಇರಲಿಲ್ಲ. ಸಿಗುವ ಭರವಸೆಯೇ ಹಸಿವನ್ನು ಹುಟ್ಟಿಸುತ್ತದೆ. ಮೈಯ ಹಸಿವಿನ ಪಕ್ಕದಲ್ಲೇ ಮನಸ್ಸು ಕಟ್ಟಿದ ನಿರೀಕ್ಷೆಯೊಂದು ಕೂತಿದೆ. ಒಬ್ಬರ ಇಡೀ ಬದುಕನ್ನು ಕಟ್ಟಿಹಾಕುವ ಶಕ್ತಿ ಹೆಚ್ಚಾಗಿ ಈ ಎರಡನೆಯದಕ್ಕೆ ಇದೆ ಎಂದು ನಾನು ನಂಬುತ್ತೇನೆ. ನಿರೀಕ್ಷೆಯಾಗಿರುವುದರಿಂದಲೇ ಅದನ್ನು ನೋಡಲೂ ಸಾಧ್ಯ.

ಅಫಜಲಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವ ಬೀಡಿ ಬಿಡುತ್ತಿದ್ದ ದಿನಗಳಲ್ಲಿ ನಾನು ಅವರ ಜೊತೆ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಮಾತು ಆಡುತ್ತಿದ್ದವರು ನಡುವೆ ನಿಲ್ಲಿಸಿ ಎರಡು ಬೆರಳು ತಿಕ್ಕಿಕೊಳ್ಳತೊಡಗಿದರು. 'ಮಾಮಾ, ತಲಬ ಆಗ್ಲಾಕತ್ತದೇನ್ರೀ?' ಎಂದೆ. 'ಹೂಂ ಅಳಿಯಾ.' 'ಎಲ್ಲಿ ಆಗ್ತದ ಅದು?' ಈ ಪ್ರಶ್ನೆ ಅವರಿಗೆ ವಿಚಿತ್ರ ಅನ್ನಿಸಿತು. ಹೊಟ್ಟೆ ನೋವಾದರೆ ಎಲ್ಲಿ ಎಂದು ಕೇಳುತ್ತಾರೆ, ತಲಬು ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಹೊತ್ತು ಹೋಯಿತು. ಕೊನೆಗೆ ಗಂಟಲ ಕೆಳಗಿನ ಗುಳಿಯ ಮೇಲೆ ಬೆರಳಿಟ್ಟರು. 'ಇಲ್ಲಿ ಹಿಡದಂಗ ಆಗ್ತದ. ಬಾಯಾಗ ನೀರು ಬರ್ತಾವ. ಆಮ್ಯಾಲ ಕೈ.' ಸ್ವಲ್ಪ ತಡೆದು ಮತ್ತೆ ಹೇಳಿದರು: 'ಈಗ ಎದಿ ಕಡಿ ಇಳೀತು ನೋಡು.' ಇನ್ನೂ ಸ್ವಲ್ಪ ಹೊತ್ತಿಗೆ, ತಮಗೇ ಹೇಳಿಕೊಳ್ಳುವಂತೆ, 'ಹೋಯ್ತು' ಎಂದರು. ಅದು ಮತ್ತೆ ಬಂತು, ಆ ದಿನವೇ ಬಂತು. ಆದರೆ ಬೀಡಿ ಹಚ್ಚದೆಯೂ ತಲಬು ಹೋಗುತ್ತದೆ ಎಂಬುದನ್ನು ಅವರು ತಮ್ಮ ಮೈಯಲ್ಲೇ ಕಂಡಿದ್ದರು. ಅಷ್ಟು ವರ್ಷ ಅದನ್ನು ಕಾಣುವ ಅವಕಾಶವೇ ಬಂದಿರಲಿಲ್ಲ. ಯಾಕೆಂದರೆ ತಲಬು ಅರ್ಧ ಏಳುವ ಮೊದಲೇ ಬೀಡಿ ಹೊತ್ತುತ್ತಿತ್ತು.

ಅವರು ಬೆರಳಿಟ್ಟು ತೋರಿಸಿದ ಆ ಹಿಡಿತವನ್ನು ಮಿದುಳಿನಲ್ಲಿ ಓದುವ ಜಾಗವೊಂದಿದೆ. ಕಿವಿಯ ನೇರಕ್ಕೆ, ಮಿದುಳಿನ ಮಡಿಕೆಯೊಳಗೆ ಅಡಗಿರುವ ಅದರ ಹೆಸರು ಇನ್ಸುಲಾ. ಎದೆಬಡಿತ, ಹಸಿವು, ಉಸಿರುಕಟ್ಟುವಿಕೆ, ಹೊಟ್ಟೆಯ ತಳಮಳ, ಹೀಗೆ ಮೈಯೊಳಗಿನ ಸುದ್ದಿಯೆಲ್ಲ ಅಲ್ಲಿಗೆ ಬಂದು ಅನುಭವವಾಗುತ್ತದೆ. 2007ರಲ್ಲಿ ನಾಸಿರ್ ನಕ್ವಿ, ಹನ್ನಾ ಡಮಾಸಿಯೊ, ಆಂಟೋಯ್ನ್ ಬೆಚಾರಾ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬೆರಗಿನ ವರದಿಯೊಂದನ್ನು ಪ್ರಕಟಿಸಿದರು. ಪಾರ್ಶ್ವವಾಯು ಮುಂತಾದ ಕಾರಣದಿಂದ ಮಿದುಳಿಗೆ ಪೆಟ್ಟಾದ, ಮೊದಲು ಸಿಗರೇಟು ಸೇದುತ್ತಿದ್ದ 69 ಜನರನ್ನು ಅವರು ಪರಿಶೀಲಿಸಿದ್ದರು. ಅವರಲ್ಲಿ 19 ಜನರಿಗೆ ಇನ್ಸುಲಾಕ್ಕೆ ಪೆಟ್ಟಾಗಿತ್ತು. ಆ 19ರಲ್ಲಿ 13 ಮಂದಿ ಸಿಗರೇಟು ಬಿಟ್ಟಿದ್ದರು, 12 ಮಂದಿಗೆ ಅದು ಸಲೀಸಾಗಿ, ಮತ್ತೆ ಬಯಕೆಯೇ ಏಳದಂತೆ ಆಗಿತ್ತು. ದಿನಕ್ಕೆ 40 ಸಿಗರೇಟು ಸುಡುತ್ತಿದ್ದ ಒಬ್ಬರಂತೂ ತಮ್ಮ ಮೈ ಆ ಬಯಕೆಯನ್ನೇ ಮರೆತಿದೆ ಎಂಬರ್ಥದ ಮಾತು ಹೇಳಿದರು.

ಸುದ್ದಿ ಓದಿದ ಯಾರಿಗೂ ಬರುವ ಯೋಚನೆ ಒಂದೇ: ಇನ್ಸುಲಾವನ್ನು ಮಂಕಾಗಿಸಿದರೆ ಚಟ ಹೋಗುತ್ತದೆ. ಇದಕ್ಕೆ ಎರಡು ವರ್ಷ ಮೊದಲು, 2005ರಲ್ಲಿ, ಸಾರಾ ಲಜಾರ್ ಮತ್ತು ಸಂಗಡಿಗರು ಬಹುಕಾಲ ಧ್ಯಾನ ಮಾಡಿದ 20 ಜನರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಧ್ಯಾನ ಮಾಡದವರಿಗಿಂತ ಅವರಲ್ಲಿ ದಪ್ಪವಾಗಿ ಕಂಡ ಭಾಗಗಳಲ್ಲಿ ಬಲ ಇನ್ಸುಲಾವೂ ಒಂದು. ಎಂಟು ವಾರದ ತರಬೇತಿಯಿಂದ ಇಂಥ ರಚನೆಯ ಬದಲಾವಣೆ ಆಗುವುದಿಲ್ಲ ಎಂದು 2022ರ ದೊಡ್ಡ ಅಧ್ಯಯನವೊಂದು ತೋರಿಸಿದೆ, ಹಾಗಾಗಿ ಈ ಮಾತನ್ನು ಹಿಗ್ಗಿಸಿ ಹೇಳಬಾರದು. ಆದರೂ ಎದುರಿಗಿರುವ ವಿರೋಧವನ್ನು ಗಮನಿಸಬೇಕು. ಯಾವ ಜಾಗ ನಾಶವಾದರೆ ಬಯಕೆ ಸಾಯುತ್ತದೋ ಅದೇ ಜಾಗ ಧ್ಯಾನಿಯಲ್ಲಿ ಕುಗ್ಗುವ ಬದಲು ತುಂಬಿಕೊಂಡಿದೆ. ಒಬ್ಬನಿಗೆ ಮೈಯ ಸುದ್ದಿ ಬರುವುದೇ ನಿಂತು ಬಿಡುಗಡೆಯಾಯಿತು. ಇನ್ನೊಬ್ಬ ಆ ಸುದ್ದಿಯನ್ನು ಮೊದಲಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುವುದನ್ನು ಕಲಿಯುತ್ತಿದ್ದಾನೆ.

ನನ್ನ ವಿಚಾರವೆಲ್ಲ ಬಂದು ನಿಲ್ಲುವುದು ಈ ಜಾಗದಲ್ಲಿ. ತಲಬು ನಮ್ಮನ್ನು ಆಳುವುದು ಅದು ಬಲವಾಗಿರುವುದರಿಂದ ಅಷ್ಟೇ ಅಲ್ಲ, ನಾವು ಅದನ್ನು ಎಂದೂ ಪೂರ್ತಿಯಾಗಿ ಅನುಭವಿಸದೆ ಇರುವುದರಿಂದ. ಗಂಟಲ ಹಿಡಿತ ಶುರುವಾದ ಕ್ಷಣವೇ ಅದನ್ನು ಮುಚ್ಚಲು ಓಡುತ್ತೇವೆ. ಕೊನೆಯವರೆಗೆ ಯಾರೂ ನೋಡದ ಕಾರಣ ಅದಕ್ಕೆ ಕೊನೆಯೇ ಇಲ್ಲವೆನ್ನಿಸುತ್ತದೆ. ಧ್ಯಾನ ಮಾಡಿಸುವುದು ಇಷ್ಟೇ: ಏಳುವ ತಲಬನ್ನು ತಡೆಯದೆ, ಅಟ್ಟದೆ, ಅದಕ್ಕೆ ಮಣಿಯದೆ, ಮೈಯಲ್ಲಿ ಅದು ಎಲ್ಲೆಲ್ಲಿ ಹೇಗೆ ಹೊರಳುತ್ತದೆ ಎಂದು ಅದರ ಜೊತೆಗೇ ಇರುವುದು. ಬಹುಪಾಲು ತಲಬುಗಳು ಕೆಲವೇ ನಿಮಿಷಗಳಲ್ಲಿ ಏರಿ ಇಳಿಯುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲನ್ ಮಾರ್ಲಟ್ ಇದನ್ನು ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ತೇಲುವುದಕ್ಕೆ ಹೋಲಿಸಿದ್ದರು. ಭೀಮೆಯ ದಂಡೆಯವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಮಹಾಪೂರ ಬಂದಾಗ ಎದುರು ಈಜಿದವನು ಉಳಿಯುವುದಿಲ್ಲ, ಮೈ ಸಡಿಲ ಬಿಟ್ಟು ನೀರಿನ ಜೊತೆ ಸಾಗಿ ದಂಡೆ ಹಿಡಿದವನು ಉಳಿಯುತ್ತಾನೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು.

ಪ್ರಯೋಗಗಳು ಏನನ್ನುತ್ತವೆ? ಯೇಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಜಡ್ಸನ್ ಬ್ರೂವರ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 88 ಜನ ಸೇದುವವರಿದ್ದರು. ಅರ್ಧ ಜನಕ್ಕೆ ಅಮೆರಿಕನ್ ಲಂಗ್ ಅಸೋಸಿಯೇಷನ್‌ನ ರೂಢಿಯ ತರಬೇತಿ, ಉಳಿದವರಿಗೆ ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ ಮೈಂಡ್‌ಫುಲ್‌ನೆಸ್ ಧ್ಯಾನದ ತರಬೇತಿ. 17 ವಾರಗಳ ಹೊತ್ತಿಗೆ ಧ್ಯಾನದ ಗುಂಪಿನಲ್ಲಿ ಶೇ 31 ಜನ ಸಿಗರೇಟು ಬಿಟ್ಟಿದ್ದರು, ಇನ್ನೊಂದರಲ್ಲಿ ಶೇ 6. ಬ್ರೂವರ್ ಕಲಿಸಿದ್ದರಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಸೇದುವಾಗಲೂ ಎಚ್ಚರದಿಂದ ಸೇದಿ ಎಂದದ್ದು. ಬಾಯಿಗೆ ಬರುವ ನಿಜವಾದ ರುಚಿ, ಗಂಟಲಿನ ಉರಿ, ಕೈಗೆ ಅಂಟಿದ ವಾಸನೆ, ಇವನ್ನು ಮೊದಲ ಸಲ ಗಮನಿಸಿದವರಿಗೆ ಅದರ ಮೋಹ ತಾನಾಗಿ ಕಳಚತೊಡಗುತ್ತದೆ.

2013ರ ಎರಡು ಅಧ್ಯಯನಗಳು ಮಿದುಳಿನೊಳಗೇ ಇಣುಕಿದವು. ಸೆಸಿಲಿಯಾ ವೆಸ್ಟ್‌ಬ್ರೂಕ್ ಮತ್ತು ಸಂಗಡಿಗರು 47 ಜನ ಸೇದುವವರಿಗೆ ಸ್ಕ್ಯಾನರಿನೊಳಗೆ ಸಿಗರೇಟಿನ ಚಿತ್ರ ತೋರಿಸಿದರು. ಸುಮ್ಮನೆ ನೋಡಿದಾಗ ಎದ್ದ ತಲಬು, ತಮ್ಮೊಳಗೆ ಏನಾಗುತ್ತಿದೆ ಎಂದು ಗಮನಿಸುತ್ತ ನೋಡಿದಾಗ ಕಡಿಮೆಯಾಯಿತು. ಬಯಕೆಗೆ ಸಂಬಂಧಿಸಿದ ಮಿದುಳಿನ ಮುಂಭಾಗದ ಒಂದು ಕೇಂದ್ರ ತಣ್ಣಗಾಯಿತು. ಅದಕ್ಕಿಂತ ಮುಖ್ಯವಾಗಿ, ಆ ಕೇಂದ್ರಕ್ಕೂ ಬಯಕೆಯ ಜಾಲದ ಉಳಿದ ಭಾಗಗಳಿಗೂ ಇದ್ದ ಕೊಂಡಿ ಸಡಿಲವಾಯಿತು. ಒಂದರ ಕೂಗನ್ನು ಇನ್ನೊಂದು ಎತ್ತಿಕೊಂಡು ದೊಡ್ಡದು ಮಾಡುವುದು ನಿಂತಿತು. ಇನ್ನೊಂದು ಅಧ್ಯಯನ ಯಿ-ಯುವಾನ್ ಟಾಂಗ್ ಮತ್ತು ಮೈಕೆಲ್ ಪೋಸ್ನರ್ ಅವರದು. ಎರಡು ವಾರದಲ್ಲಿ ಒಟ್ಟು ಐದು ತಾಸು ಧ್ಯಾನ ಮಾಡಿದ ಗುಂಪಿನ ಸೇದುವಿಕೆ ಶೇ 60ರಷ್ಟು ಇಳಿಯಿತು. ಅಷ್ಟೇ ಹೊತ್ತು ಬರೀ ಮೈ ಸಡಿಲಿಸುವ ತರಬೇತಿ ಪಡೆದವರಲ್ಲಿ ಇಳಿಯಲಿಲ್ಲ. ಇವರು ಸಿಗರೇಟು ಬಿಡಲೆಂದು ಬಂದವರಾಗಿರಲಿಲ್ಲ, ಒತ್ತಡ ಕಡಿಮೆ ಮಾಡಿಕೊಳ್ಳಲು ಬಂದವರು. ಉಸಿರಿನಲ್ಲಿನ ಕಾರ್ಬನ್ ಮೊನಾಕ್ಸೈಡ್ ಅಳೆದು ತೋರಿಸುವವರೆಗೆ ತಾವು ಕಡಿಮೆ ಸೇದುತ್ತಿದ್ದೇವೆ ಎಂಬುದು ಅವರಲ್ಲಿ ಹಲವರಿಗೆ ತಿಳಿದಿರಲಿಲ್ಲ.

ಇಚ್ಛಾಶಕ್ತಿ ಇದ್ದರೆ ಬಿಡಬಹುದು, ಇಲ್ಲದವರು ದುರ್ಬಲರು ಎಂದು ಊರು ಹೇಳುತ್ತದೆ. ಇಲ್ಲಿ ಬಿಡುವ ಇಚ್ಛೆಯನ್ನೇ ಮಾಡದವರಲ್ಲಿ ಚಟ ಸಡಿಲವಾಗಿದೆ. ಹಟದಿಂದ ಬಿಗಿದ ಮುಷ್ಟಿಗಿಂತ ನೋಡುವ ಎಚ್ಚರಕ್ಕೆ ಹೆಚ್ಚು ಶಕ್ತಿ ಇದ್ದೀತೇ? ಏಮಿ ಜೇನ್ಸ್ ಮತ್ತು ಬ್ರೂವರ್ ಅವರ 2019ರ ಅಧ್ಯಯನ ಇನ್ನೊಂದು ಸುಳಿವು ಕೊಡುತ್ತದೆ. ಮಿದುಳಿನ ಹಿಂಭಾಗದಲ್ಲಿ ಪೋಸ್ಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗವಿದೆ. 'ನಾನು, ನನ್ನದು, ನನಗೆ' ಎಂದು ಮನಸ್ಸು ತನ್ನಲ್ಲೇ ಸುತ್ತಿಕೊಂಡಾಗ, ಬಯಕೆಯಲ್ಲಿ ಸಿಕ್ಕಿಕೊಂಡಾಗ ಅದು ಚುರುಕಾಗುತ್ತದೆ. ಮೊಬೈಲ್ ಆಪ್ ಮೂಲಕ ಧ್ಯಾನ ಕಲಿತವರಲ್ಲಿ, ಸಿಗರೇಟಿನ ಚಿತ್ರ ಕಂಡಾಗ ಈ ಭಾಗ ಎಷ್ಟು ತಣ್ಣಗಾಯಿತೋ ಅದಕ್ಕೆ ತಕ್ಕಂತೆ ಸೇದುವುದೂ ಕಡಿಮೆಯಾಗಿತ್ತು. ಇದರಿಂದ 'ನಾನು' ಎಂಬುದು ಮಿದುಳಿನ ಒಂದು ಮೂಲೆಯಲ್ಲಿದೆ ಎಂದು ಹೇಳಿಬಿಡುವುದು ದುಡುಕು. ನನಗೆ ಕಾಣುವುದು ಇಷ್ಟು. 'ತಲಬು ಎದ್ದಿದೆ' ಎನ್ನುವುದಕ್ಕೂ 'ನನಗೆ ಬೇಕೇ ಬೇಕು' ಎನ್ನುವುದಕ್ಕೂ ನಡುವೆ ಒಂದು ಹೆಜ್ಜೆ ಇದೆ. ಅದನ್ನು ನಾವು ಕತ್ತಲಲ್ಲಿ ಇಡುತ್ತೇವೆ, ಬೆಳಕಿದ್ದರೆ ಇಡದೆಯೂ ಇರಬಹುದು.

ಇಲ್ಲಿಗೆ ನಿಲ್ಲಿಸಿದರೆ ಓದುಗರಿಗೆ ಮೋಸವಾದೀತು. ದೊಡ್ಡ ಲೆಕ್ಕಕ್ಕೆ ಬಂದಾಗ ಫಲ ಅಷ್ಟು ಉಜ್ವಲವಾಗಿಲ್ಲ. ಬ್ರೂವರ್ ತಂಡದ್ದೇ ಆಪ್ ಅನ್ನು 325 ಜನರಲ್ಲಿ ಪರೀಕ್ಷಿಸಿದಾಗ ಆರು ತಿಂಗಳ ನಂತರ ಬಿಟ್ಟವರ ಸಂಖ್ಯೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. 2022ರಲ್ಲಿ ಕಾಕ್ರೇನ್ ಸಂಸ್ಥೆ 21 ಅಧ್ಯಯನಗಳನ್ನು, ಎಂಟು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿತು. ಬೇರೆ ವಿಧಾನಗಳಿಗಿಂತ ಧ್ಯಾನದಿಂದ ಹೆಚ್ಚು ಜನ ಬಿಡುತ್ತಾರೆ ಎನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ. ಮಿದುಳಿನ ಚಿತ್ರ ಬದಲಾಗುವುದು ಬೇರೆ, ಬದುಕಿನಿಂದ ಬೀಡಿ ಹೋಗುವುದು ಬೇರೆ. ನಡುವೆ ಹೊಲವಿದೆ, ಸಾಲವಿದೆ, ನೆಟೆರೋಗಕ್ಕೆ ಒಣಗಿದ ತೊಗರಿ ಇದೆ, ಪುಣೆ-ಮುಂಬೈಗೆ ದುಡಿಯಲು ಹೋದ ಮಗ ಇದ್ದಾನೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಬೆಳೆ ಕಳೆದುಕೊಂಡವನ ಮುಂದೆ ನಿಂತು, ಉಸಿರು ಗಮನಿಸು ಎಂದು ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಅಪಾಯವೂ ಇದೆ. ಧ್ಯಾನವನ್ನೇ ತಲಬಿಗೆ ಹೊಡೆಯುವ ದೊಣ್ಣೆ ಮಾಡಿಕೊಳ್ಳುವುದು. ಕಣ್ಣು ಮುಚ್ಚಿ ಕೂತಿದ್ದೇನೆ, ಇನ್ನೂ ಯಾಕೆ ಹೋಗಲೊಲ್ಲದು ಎಂದು ಕಾಯುವವನು ತಲಬನ್ನು ನೋಡುತ್ತಿಲ್ಲ, ಬಾಗಿಲು ಕಾಯುತ್ತಿದ್ದಾನೆ. ವಿಮಾನ ಇಳಿಯುವುದನ್ನೇ ಕಾಯುವ ಸಿಬ್ಬಂದಿಯ ಹಾಗೆ ಅವನ ತಲಬೂ ಏರುತ್ತದೆ. ಹೋಗಲಿ ಎಂಬ ನಿರೀಕ್ಷೆಯೂ ನಿರೀಕ್ಷೆಯೇ.

ಇದನ್ನು ಈ ನೆಲ ಮೊದಲಿನಿಂದ ಬಲ್ಲದು. ಮೈಂಡ್‌ಫುಲ್‌ನೆಸ್ ಎಂದು ಜಗತ್ತು ಕರೆಯುವ ಪದ್ಧತಿಯನ್ನು ಜಾನ್ ಕಬತ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯೊಳಗೆ ತಂದರು. ಅದರ ಬೇರು ಬೌದ್ಧರ ಉಸಿರಿನ ಧ್ಯಾನದಲ್ಲಿದೆ. ಜೇವರ್ಗಿಯಿಂದ ಭೀಮೆಯ ಜೊತೆ ಕೆಳಗೆ ಸಾಗಿದರೆ ಸಿಗುವ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡ ಬೌದ್ಧ ಸ್ತೂಪವಿತ್ತು. 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿದ್ದು ಅಲ್ಲಿಯೇ. ಜೇವರ್ಗಿಯಲ್ಲಿ 17ನೇ ಶತಮಾನದಲ್ಲಿ ಷಣ್ಮುಖ ಶಿವಯೋಗಿಗಳಿದ್ದರು. ಎಡ ಅಂಗೈಯ ಇಷ್ಟಲಿಂಗದ ಮೇಲೆ ಕಣ್ಣು ನಿಲ್ಲಿಸುವುದು ಶಿವಯೋಗದ ನಿತ್ಯದ ಸಾಧನೆ. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ, ಕಲಬುರಗಿಯಲ್ಲಿ ಬಂದೇ ನವಾಜರದು. ಚಿಸ್ತಿ ಸೂಫಿಗಳಲ್ಲಿ ಒಳಬರುವ, ಹೊರಹೋಗುವ ಪ್ರತಿ ಉಸಿರನ್ನೂ ಕಾಯುವ ಸಾಧನೆ ಇದೆ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರೂ ಅವರ ಶಿಷ್ಯ ಚನ್ನೂರ ಜಲಾಲಸಾಬರೂ ಮನಸ್ಸಿನ ಆಟವನ್ನು ದೂರ ನಿಂತು ನೋಡುವುದನ್ನು ತತ್ವಪದಗಳಲ್ಲಿ ಹಾಡಿದರು. ಏಕತಾರಿ, ದಿಮ್ಮು ಹಿಡಿದು ಅವುಗಳನ್ನು ಇಂದಿಗೂ ಅಮವಾಸ್ಯೆಯ ರಾತ್ರಿಗಳಲ್ಲಿ ಹಾಡುತ್ತಾರೆ. ಹಾಡು ಮುಗಿದ ಬಿಡುವಿನಲ್ಲಿ ಅದೇ ಕಟ್ಟೆಯ ಮೇಲೆ ಬೀಡಿ ಹೊತ್ತುವುದನ್ನೂ ನೋಡಿದ್ದೇನೆ. ಸಾಕ್ಷಿಯಾಗಿ ನಿಲ್ಲುವ ಮಾತು ಬಾಯಿಪಾಠವಾದ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲ. ಪರಂಪರೆಯ ಹೆಮ್ಮೆ ಯಾರ ಚಟವನ್ನೂ ಬಿಡಿಸಿಲ್ಲ, ಒಬ್ಬೊಬ್ಬರೂ ತಮ್ಮ ಮೈಯಲ್ಲೇ ನೋಡಬೇಕು.

ಹಾಗಾಗಿ ನಾನು ಧ್ಯಾನವನ್ನು ಔಷಧದ ಬದಲಿಗೆ ಇಡುವುದಿಲ್ಲ, ಜೊತೆಗೆ ಇಡುತ್ತೇನೆ. ನಿಕೋಟಿನ್ ಗಮ್, ಪ್ಯಾಚ್, ವೈದ್ಯರು ಕೊಡುವ ಮಾತ್ರೆ, ಆಪ್ತಸಲಹೆ, ಇವು ಕೆಲಸ ಮಾಡುತ್ತವೆ. ಇವುಗಳ ನೆರಳಿನಲ್ಲಿ ದಿನಕ್ಕೆ ಹತ್ತು ನಿಮಿಷ ಉಸಿರು ನೋಡುವ ಅಭ್ಯಾಸವಿರಲಿ. ತಲಬು ಎದ್ದಾಗ ಅದು ಮೈಯಲ್ಲಿ ಎಲ್ಲಿದೆ ಎಂದು ಕೇಳಿಕೊಂಡು ಬೆರಳಿಟ್ಟು ನೋಡಿ. ಕಲಿಯುವ ಕಾಲಕ್ಕೆ ತಲಬು ಹೆಚ್ಚಾದಂತೆ ಕಂಡರೆ ಹೆದರಬೇಡಿ, ಮೊದಲೂ ಅಷ್ಟೇ ಇತ್ತು, ಈಗ ಗಮನಕ್ಕೆ ಬಂದಿದೆ. ದುಡಿಸುವವರಲ್ಲಿ ನನ್ನ ಕೋರಿಕೆ: ಸೇದದವರಿಗೂ, ಹೆಣ್ಣುಮಕ್ಕಳಿಗೂ ಸುಮ್ಮನೆ ಕೂಡುವ ಐದು ನಿಮಿಷ ಕೊಡಿ. ಬಿಡುವಿಗೆ ಬೀಡಿಯೇ ಪರವಾನಗಿ ಆಗಿರುವವರೆಗೆ ಬಿಟ್ಟವರೂ ಬಿಡುವಿನ ಆಸೆಗೆ ಮತ್ತೆ ಹಚ್ಚುತ್ತಾರೆ.

ಮನೆಯವರಿಗೂ ಒಂದು ಮಾತು. ನಮ್ಮ ಮಾವ ಒಮ್ಮೆ ಗೆಳೆಯರೊಬ್ಬರ ಮಣ್ಣಿಗೆ ಹೋದಾಗ ಸೇದಿಬಿಟ್ಟರು. ಮನೆಗೆ ಬಂದು ತಾವಾಗಿ ಹೇಳಿದರು. ಅತ್ತೆ ಬೈಯಲಿಲ್ಲ, ಊಟಕ್ಕೆ ಎಬ್ಬಿಸಿದರು. ಮರುದಿನ ಅವರು ಮತ್ತೆ ಶುರು ಮಾಡಿದರು. ಜಾರಿದ್ದನ್ನು ದೊಡ್ಡ ಅಪರಾಧ ಮಾಡಿದರೆ ನಾಚಿಕೆ ಹುಟ್ಟುತ್ತದೆ, ನಾಚಿಕೆ ತಾನೇ ಇನ್ನೊಂದು ತಲಬಿಗೆ ದಾರಿ. ಬಿಟ್ಟವರಲ್ಲಿ ಬಹಳಷ್ಟು ಜನ ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಿಯೇ ಬಿಟ್ಟವರು.

ಒಬ್ಬರೇ ಆಗದು ಅನ್ನಿಸಿದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್‌ಗೆ ಫೋನ್ ಮಾಡಿ. ಸಂಖ್ಯೆ 1800-11-2356. 2018ರಿಂದ ತಂಬಾಕಿನ ಪ್ಯಾಕೆಟ್ಟುಗಳ ಮೇಲೆ ಅಚ್ಚಾಗುತ್ತಿರುವುದು ಇದೇ ಸಂಖ್ಯೆ. ಬೀಡಿ, ಸಿಗರೇಟು, ಜರ್ದಾ, ಗುಟ್ಕಾ ಯಾವುದಿದ್ದರೂ ಸರಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಆಪ್ತಸಲಹೆಗಾರರು ಕನ್ನಡದಲ್ಲೇ ಮಾತನಾಡುತ್ತಾರೆ, ಕರೆಗೆ ದುಡ್ಡು ಬೀಳುವುದಿಲ್ಲ.